ಎರಡನೇ ಸಾಲು

ಕತೆ ಹೇಳ್ತೀನಿ, ಆದ್ರೆ ಒಂದು ಕರಾರು. ನಡುವೆ ಯಾರೂ 'ಆಮೇಲೆ? ಆಮೇಲೆ?' ಅಂತ ಕೇಳಬಾರದು. ಬೇಕಾದ್ರೆ ಹೂಂ ಅನ್ನಿ, ಇಲ್ಲಾಂದ್ರೆ ತೆಪ್ಪಗೆ ಕೂತ್ಕೊಳ್ಳಿ. ಯಾಕೆ ಅಂತ ಈಗ್ಲೇ ಕೇಳಬೇಡಿ, ಗೊತ್ತಾಗುತ್ತೆ. ಆ ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು ಸಾಕು.

ಇದು ನಮ್ಮ ಸೋದರತ್ತೆ ಮಗಳಿಗೆ ಆದದ್ದು. ಎಲ್ಲೋ ಓದಿದ್ದಲ್ಲ, ಯಾರೋ ಯಾರಿಗೋ ಹೇಳಿದ್ದಲ್ಲ. ಮನೆಯಲ್ಲಿ ಎಲ್ಲರೂ ಅವಳನ್ನ ಗುಬ್ಬಿ ಅಂತಾರೆ. ನಲವತ್ತು ದಾಟಿ, ಕನ್ನಡಕ ಬಂದು, ಕೂದಲು ಅರ್ಧಕ್ಕರ್ಧ ಬೆಳ್ಳಗಾದ್ರೂ ನಮಗೆ ಅವಳು ಗುಬ್ಬೀನೇ. ಆಳೂ ಅಷ್ಟೇ ಇದ್ದಾಳೆ ಬಿಡಿ. ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಬರೆಯೋ ಕೆಲಸ. ಮದುವೆ ಆಗ್ಲಿಲ್ಲ. ಅವಳಮ್ಮ, ಅಂದ್ರೆ ನಮ್ಮತ್ತೆ, ಇರೋವರೆಗೂ ದಿನಾ ಫೋನಲ್ಲಿ ಮಾತಾಡೋಳು. ಅತ್ತೆ ತೀರ್ಕೊಂಡ ಮೇಲೆ ಅವಳ ಫೋನು ಬರೀ ಗಡಿಯಾರ ಆಯ್ತು. ನಾವೂ ಮಾಡ್ತಿರಲಿಲ್ಲ. ಇವತ್ತು ಮಾಡೋಣ, ನಾಳೆ ಮಾಡೋಣ... ಹಂಗೇ.

ಆವತ್ತು ಅವಳು ಕೆಲಸ ಮುಗಿಸಿ ಹೊರಟಾಗ ಸರಿರಾತ್ರಿ. ಆಸ್ಪತ್ರೆ ಹಿಂದಿನ ಗೇಟಿಂದ ಹೋದ್ರೆ ಅವಳ ರೂಮು ಹತ್ರ. ಆ ದಾರಿ ಪಕ್ಕ ಒಂದು ಹಳೇ ಬಾವಿ. ನೀರು ಸೇದೋರು ಯಾರೂ ಇಲ್ಲ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿ, ಬೀಗ ಜಡಿದು, ಬೀಗಕ್ಕೂ ತುಕ್ಕು ಹಿಡಿದು ಹೋಗಿದೆ. ಬಾವಿ ಎದುರಿಗೆ ಹೆಣ ಸಾಗಿಸೋ ಗಾಡಿ ನಿಲ್ಲೋ ಜಾಗ. ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಆದ್ರೆ ಎಲ್ಲರಿಗೂ ಗೊತ್ತು.

ಅವಳ ಚಪ್ಪಲಿ ಸದ್ದು. ಚಟ್... ಚಟ್... ಚಟ್. ಬಾವಿಯೊಳಗೆ ಎಲ್ಲಿಂದಲೋ ಒಂದು ಹನಿ ಬಿತ್ತು. ತೊಟಕ್.

ಆಗ ಕೇಳಿಸ್ತು. ಪಕ್ಕದಲ್ಲೇ. ಕಿವಿ ಹತ್ರಾನೇ. ಒಣಗಿದ ಗಂಟಲು, ಉಸಿರು ಎಳೆದೂ ಎಳೆದೂ...

"...ಆಮೇಲೆ?"

ನಿಂತ್ಲು. ತಿರುಗಿ ನೋಡಿದ್ಲು. ಯಾರೂ ಇಲ್ಲ. ಯಾರೋ ಗೋಡೆಯಾಚೆ ಫೋನಲ್ಲಿ ಮಾತಾಡ್ತಿರಬೇಕು ಅಂದ್ಕೊಂಡು ಹೊರಟುಹೋದ್ಲು. ರೂಮಿಗೆ ಬಂದು ಬೀಗ ತೆಗೆದು, ಒಂದೇ ತಟ್ಟೆ, ಒಂದೇ ಲೋಟ, ಉಂಡು ಮಲಗಿದ್ಲು.

ಒಂದು ಮಾತು ಅವಳು ನನಗೆ ಬಹಳ ಕಾಲದ ಮೇಲೆ ಹೇಳಿದ್ಲು. ಆವತ್ತು ಅವಳಿಗೆ ಹೆದರಿಕೆ ಆಗ್ಲಿಲ್ವಂತೆ. ಇನ್ನೇನು ನಿದ್ದೆ ಹತ್ತಬೇಕು ಅನ್ನೋವಾಗ ಆ ದನಿ ನೆನಪಾಗಿ, ಕಣ್ಣಲ್ಲಿ ನೀರು ಬಂತಂತೆ. 'ಆಮೇಲೆ ಏನಾಯ್ತೇ' ಅಂತ ಅವಳನ್ನ ಯಾರಾದ್ರೂ ಕೇಳಿ ಎಷ್ಟು ಕಾಲ ಆಗಿತ್ತೋ. ಇದನ್ನ ಕೇಳಿದಾಗ ನನಗೆ ನಾಚಿಕೆ ಆಯ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಮಾರನೇ ರಾತ್ರಿ ಮತ್ತೆ. ಅದೇ ಬಾವಿ, ಅದೇ ದನಿ. ಅದರ ಮಾರನೇ ರಾತ್ರಿ ಅವಳಿಗೆ ಏನು ಬುದ್ಧಿ ಬಂತೋ, ನಿಂತ್ಕೊಂಡು ಉತ್ತರ ಕೊಟ್ಟಳು! ನಗಬೇಡಿ. ಒಂಟಿಯಾಗಿದ್ದು ನೋಡಿ, ಆಗ ಗೊತ್ತಾಗುತ್ತೆ. ಗೋಡೆ ಕೇಳಿದ್ರೂ ಉತ್ತರ ಕೊಡ್ತೀರಾ.

"...ಆಮೇಲೆ?"

"ಆಮೇಲೆ ಇನ್ನೇನು," ಅಂದ್ಲು ಮೆಲ್ಲಗೆ. "ರೂಮಿಗೆ ಹೋಗ್ತೀನಿ."

ತೊಟಕ್.

"...ಆಮೇಲೆ?"

"ಅಡುಗೆ ಮಾಡ್ತೀನಿ."

"...ಆಮೇಲೆ?"

"ಉಂಡು ಮಲಗ್ತೀನಿ."

"...ಆಮೇಲೆ?"

ಅವಳ ಹತ್ರ ಹೇಳಕ್ಕೆ ಇನ್ನೇನೂ ಇರಲಿಲ್ಲ. ಆಗ ಬಾವಿ ಮೇಲಿನ ಜಾಲರಿ ಕಿಣಿಕಿಣಿ ಅಂತ ಅಲುಗಾಡ್ತು. ಗಾಳಿ ಇಲ್ಲ. ಮರದ ಎಲೆ ಒಂದೂ ಅಲ್ಲಾಡ್ತಿಲ್ಲ. ಜಾಲರಿ ಮಾತ್ರ, ಯಾರೋ ಬೆರಳು ತೂರಿಸಿ ಹಿಡ್ಕೊಂಡು ಅಲ್ಲಾಡಿಸಿದ ಹಾಗೆ...

ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದ್ಲು ನೋಡಿ, ರೂಮಿನ ಬಾಗಿಲು ಹಾಕಿದ ಮೇಲೇ ಉಸಿರು ಬಿಟ್ಟದ್ದು.

ಈಗ ಅವಳ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಇಲ್ಲಾಂದ್ರೆ ಮುಂದಿನದು ತಲೆಬುಡ ಗೊತ್ತಾಗಲ್ಲ.

ಆ ಆಸ್ಪತ್ರೆಯಲ್ಲಿ ಒಂದು ಅಂಟುರೋಗದ ವಾರ್ಡು. ಗಾಜಿನ ಬಾಗಿಲು. ಒಳಗೆ ಡಾಕ್ಟರು, ಸಿಸ್ಟರು, ಗುಡಿಸೋರು ಬಿಟ್ರೆ ಯಾರಿಗೂ ಪ್ರವೇಶ ಇಲ್ಲ. ಹೆಂಡತಿ ಆಗ್ಲಿ, ಹೆತ್ತ ಮಗ ಆಗ್ಲಿ, ಹೊರಗೇ. ಒಳಗಿರೋರಿಗೆ ಮೂಗಿಗೆ ಬಾಯಿಗೆ ಮಾಸ್ಕು ಹಾಕಿರ್ತಾರೆ, ಫೋನು ಹಿಡ್ಕೊಳ್ಳೋ ಶಕ್ತಿ ಇರಲ್ಲ. ಪಾಪ, ಮನೆಯವರ ದನಿ ಕೇಳದೆ ಕೊರಗ್ತಾರೆ ಅಂತ ಗುಬ್ಬಿ ಒಂದು ವ್ಯವಸ್ಥೆ ಮಾಡಿದ್ಲು. ಮುಂದಿನ ಹಾಲಿನಲ್ಲಿ ಒಂದು ಕಂಪ್ಯೂಟರು. ಮನೆಯವರು ಅಲ್ಲಿ ಕೂತು, ಹಾಸಿಗೆ ನಂಬರು ಒತ್ತಿ, ಹೇಳಬೇಕಾದ್ದನ್ನ ಟೈಪ್ ಮಾಡೋದು. ಒಳಗೆ ಪ್ರತಿ ಹಾಸಿಗೆ ಪಕ್ಕ ಒಂದು ಪುಟ್ಟ ಪೆಟ್ಟಿಗೆ. ಅದು ಹೆಣ್ಣು ದನಿಯಲ್ಲಿ ಓದಿ ಹೇಳುತ್ತೆ. ಓದಿದ ತಕ್ಷಣ ಮಾತು ಅಳಿಸಿಹೋಗುತ್ತೆ. ಮನೆಯವರ ಮಾತು ನಾವು ಯಾಕೆ ಇಟ್ಕೋಬೇಕು ಅಂತ ಅವಳೇ ಹಂಗೆ ಬರೆದಿದ್ಲು.

ವಾರ್ಡಿನೊಳಗೆ ಅವಳಿಗೂ ಪ್ರವೇಶ ಇಲ್ಲ. ಪೆಟ್ಟಿಗೆಗಳನ್ನ ಸಿಸ್ಟರೇ ಇಟ್ಟದ್ದು. ಪರೀಕ್ಷೆ ಮಾಡೋವಾಗ ಗುಬ್ಬಿ ಹೊರಗಿಂದ ಪ್ರತಿ ಹಾಸಿಗೆಗೂ 'ಊಟ ಆಯ್ತಾ?' ಅಂತ ಕಳಿಸಿದ್ಲು. ಗಾಜಿನಾಚೆ ಸಿಸ್ಟರ್ ಹೆಬ್ಬೆರಳೆತ್ತಿ ತೋರಿಸಿದ್ರು. ಎಲ್ಲರೂ ಭೇಷ್ ಅಂದ್ರು. ದೊಡ್ಡ ಡಾಕ್ಟರು ಕೈ ಕುಲುಕಿದ್ರು. ಮುಗೀತು.

ಚಪ್ಪಲಿ ಬಿಟ್ಟು ಓಡಿ ಬಂದಳಲ್ಲ, ಮಾರನೇ ದಿನ ಆ ವಾರ್ಡಿನ ಸಿಸ್ಟರನ್ನ ಹುಡುಕ್ಕೊಂಡು ಹೋದ್ಲು. ದಪ್ಪಗಿನ ಹೆಂಗಸು, ಬಾಯಿ ಜೋರು, ಮನಸ್ಸು ಬೆಣ್ಣೆ. ಇಬ್ಬರೂ ಮೆಟ್ಟಿಲ ಕೆಳಗೆ ಚಹಾ ಲೋಟ ಹಿಡ್ಕೊಂಡು ಕೂತ್ರು.

"ಸಿಸ್ಟರ್, ಹಿಂದುಗಡೆ ಬಾವಿ ಹತ್ರ ರಾತ್ರಿ ಹೊತ್ತು ಯಾರಾದ್ರೂ ಇರ್ತಾರಾ?"

"ಯಾರಿರ್ತಾರೆ? ನಾಯಿನೂ ಇರಲ್ಲ. ಯಾಕೆ?"

"ಯಾರೋ... 'ಆಮೇಲೆ' ಅಂತಾರೆ."

ಸಿಸ್ಟರ್ ಲೋಟ ಬಾಯಿ ಹತ್ರ ಹೋಗಿದ್ದು ಅಲ್ಲೇ ನಿಂತುಬಿಡ್ತು. ಮುಖ ಸುಣ್ಣ ಹಚ್ಚಿದ ಹಾಗಾಯ್ತು.

"ಗಂಡಸಿನ ದನೀನಾ?" ಅಂತ ಪಿಸುಗುಟ್ಟಿದ್ರು.

"ಹೂಂ."

"ಉಸಿರು ಎಳ್ಕೊಂಡು?"

"...ಹೂಂ."

"ಆರನೇ ಹಾಸಿಗೆ," ಅಂದ್ರು ಸಿಸ್ಟರ್. "ದರ್ಜಿ. ಹೋದ ವಾರ ತೀರ್ಕೊಂಡ್ರಲ್ಲ, ಅವರು."

ಸಿಸ್ಟರ್ ಆ ಕಡೆ ಈ ಕಡೆ ನೋಡಿ, ಇನ್ನೂ ಸಣ್ಣ ದನಿಯಲ್ಲಿ ಶುರು ಮಾಡಿದ್ರು.

"ಒಂದು ಕೇಳ್ಲಾ ಮೇಡಂ? ಬೇಜಾರು ಮಾಡ್ಕೋಬೇಡಿ. ಆ ನಿಮ್ಮ ಪೆಟ್ಟಿಗೆ ಬರೀ ಕರೆಯುತ್ತೆ. ಮಾತು ಯಾಕೆ ಆಡಲ್ಲ?"

"ಕರೆಯುತ್ತೆ ಅಂದ್ರೆ?"

"'ಅಪ್ಪಾ' ಅನ್ನುತ್ತೆ. ಸುಮ್ನಾಗುತ್ತೆ. 'ಅಜ್ಜೀ' ಅನ್ನುತ್ತೆ, ಸುಮ್ನಾಗುತ್ತೆ. 'ರೀ' ಅನ್ನುತ್ತೆ. ಅಷ್ಟೇ. ಇಡೀ ದಿನ ಹಂಗೇ. ಅವರು ಪಾಪ ಕಣ್ಣು ಬಿಟ್ಟು ಕಾಯ್ತಾರೆ. ನಾವು ಅಂದ್ಕೊಂಡ್ವಿ, ಯಂತ್ರ ಇರೋದೇ ಹಂಗೆ, ಒಂದ್ಸಲ ಕೂಗಿ ಎಬ್ಬಿಸಕ್ಕೆ ಅಂತ. ಮಾತು ಬೇರೆ ಇರುತ್ತೆ ಅಂತ ನಮಗೇನು ಗೊತ್ತು?"

ಗುಬ್ಬಿ ಲೋಟ ನೆಲದ ಮೇಲಿಟ್ಟಳು.

"ಈ ದರ್ಜಿಗೆ ದಿನಾ 'ಅಣ್ಣಾ' ಅಂತ ಬರೋದು. ಬಂದ ಕೂಡ್ಲೇ ಅವರು ಮಾಸ್ಕು ಸರಿಸಿ, ಪೆಟ್ಟಿಗೆ ಕಡೆ ತಿರುಗಿ, 'ಆಮೇಲೆ?' ಅನ್ನೋರು. ನಾನು ಬೈತಿದ್ದೆ, ಮಾಸ್ಕು ತೆಗೀಬೇಡ್ರೀ ಅಂತ. ಕೇಳ್ತಿರಲಿಲ್ಲ. ಕೊನೇ ದಿನ ಕೂಡ... 'ಅಣ್ಣಾ' ಅಂತು. ಅವರು ತಲೆ ಎತ್ತಿ 'ಆಮೇಲೆ?' ಅಂದ್ರು. ಅಷ್ಟೇ ಮೇಡಂ. ಕಣ್ಣು ಪೆಟ್ಟಿಗೆ ಕಡೇನೇ ಇತ್ತು. ನಾನೇ ಮುಚ್ಚಿದ್ದು."

ಚಹಾ ಆರಿಹೋಯ್ತು. ಇಬ್ಬರೂ ಕುಡೀಲಿಲ್ಲ.

ಆ ರಾತ್ರಿ ಗುಬ್ಬಿ ರೂಮಿಗೆ ಹೋಗ್ಲೇ ಇಲ್ಲ. ಆಸ್ಪತ್ರೆಯಲ್ಲೇ ತನ್ನ ಕೆಲಸದ ಕಂಪ್ಯೂಟರ್ ಮುಂದೆ ಕೂತ್ಲು. ತಾನು ಬರೆದದ್ದನ್ನ ತಾನೇ ಓದಿದ್ಲು. ಮೊದಲು ಕಣ್ಣಿಗೆ ಬಿದ್ದದ್ದು ತನ್ನ ಕೈಯಾರೆ ಹಾಕಿದ್ದ ಒಂದು ತುಂಡು ಸಾಲು. ಪೆಟ್ಟಿಗೆಗಳಿಂದ ವಾಪಸ್ ಬರೋ ದೂರುಗಳನ್ನೆಲ್ಲ ನೋಡದೇ ಎಸೆದುಬಿಡು ಅನ್ನೋ ಸಾಲು. ಶುರುವಿನಲ್ಲಿ ಆ ಪೆಟ್ಟಿಗೆಗಳು ಸುಮ್ಸುಮ್ನೆ ಏನೇನೋ ಗೊಣಗ್ತಿದ್ವು, ಕಿರಿಕಿರಿ ಅಂತ ಬಾಯಿ ಮುಚ್ಚಿಸಿದ್ಲು. ಈ ಕಂಪ್ಯೂಟರಿನವರು ಎಲ್ಲರೂ ಮಾಡ್ತಾರಂತೆ ಇದನ್ನ. ಮಾಡಿ ಮರೆತುಬಿಡ್ತಾರಂತೆ.

ಆ ಸಾಲು ಅಳಿಸಿದ್ಲು. ಅಳಿಸಿ ಕೂತ್ಲು. ಬೆಳಗ್ಗೆ ಜನ ಬಂದು ಟೈಪ್ ಮಾಡಕ್ಕೆ ಶುರು ಮಾಡಿದ್ರು ನೋಡಿ, ಅವಳ ಪರದೆ ಮೇಲೆ ದೂರುಗಳು ಒಂದೊಂದಾಗಿ ಬರೋಕ್ಕೆ ಹತ್ತಿದ್ವು.

ಹೆದರಬೇಡ: ಕಮಾಂಡ್ ನಾಟ್ ಫೌಂಡ್.

ಬೇಗ: ಕಮಾಂಡ್ ನಾಟ್ ಫೌಂಡ್.

ಮುತ್ತು: ಕಮಾಂಡ್ ನಾಟ್ ಫೌಂಡ್.

ಇಂಥ ಕೆಲಸ ನನಗೆ ಗೊತ್ತಿಲ್ಲ ಅಂತ ಅದರ ಅರ್ಥ. ಗುಬ್ಬಿ ನನಗೆ ಹೇಳಿಕೊಟ್ಟದ್ದು ಹೀಗೆ. ಕಂಪ್ಯೂಟರಿನೊಳಗೆ ಶೆಲ್ ಅಂತ ಒಂದಿದೆ, ಅಪ್ಪಣೆ ತಗೊಂಡು ಓಡೋ ಆಳು ಅಂತ ಇಟ್ಕೊಳ್ಳಿ. ಅವನಿಗೆ ಅಪ್ಪಣೆ ಒಂದು ಸಾಲಲ್ಲಿ ಕೊಡಬೇಕು. ಸಾಲು ಮುಗೀತು ಅಂದ್ರೆ ಅಪ್ಪಣೆ ಮುಗೀತು, ಎದ್ದು ಓಡ್ತಾನೆ. 'ಓದು, ಅಣ್ಣಾ.' ಸರಿ, ಓದಿದ. ಮುಂದಿನ ಸಾಲು ಬಂದ್ರೆ ಅದು ಅವನ ಲೆಕ್ಕದಲ್ಲಿ ಬೇರೇನೇ ಒಂದು ಅಪ್ಪಣೆ. ಅದರ ಮೊದಲ ಪದಾನ ಕೆಲಸದ ಹೆಸರು ಅಂತ ತಿಳ್ಕೊಂಡು ಹುಡುಕ್ತಾನೆ. 'ಹೆದರಬೇಡ' ಅನ್ನೋ ಕೆಲಸ ಅವನಿಗೆಲ್ಲಿ ಸಿಗಬೇಕು? ಸಿಗಲ್ಲ. ದೂರು ಬರೆದು ಕೈತೊಳ್ಕೋತಾನೆ. ಜನ ಹೆಂಗೆ ಬರೀತಾರೆ ಹೇಳಿ? ಮೊದಲು ಕರೀತಾರೆ. 'ಅಪ್ಪಾ' ಅಂತ ಹೊಡೆದು, ಎಂಟರ್ ಒತ್ತಿ, ಕೆಳಗಿನ ಸಾಲಿಗೆ ಬರ್ತಾರೆ. ಹೇಳೋದೆಲ್ಲ ಅಲ್ಲಿಂದ ಶುರು. ಅವಳು ಪರೀಕ್ಷೆ ಮಾಡಿದ್ದು 'ಊಟ ಆಯ್ತಾ?' ಅಂತ, ಒಂದೇ ಸಾಲು. ಎರಡನೇ ಸಾಲು ಹಾಕಿ ನೋಡಬೇಕು ಅಂತ ಹೊಳೀಲೇ ಇಲ್ಲ ಅವಳಿಗೆ. ಅವಳಿಗೆ ಎರಡು ಸಾಲು ಹೇಳೋರು ಯಾರಿದ್ರು?

ಸರಿ, ಮಾತಿನ ಸುತ್ತ ಉದ್ಧರಣ ಚಿಹ್ನೆ ಹಾಕಿದ್ರೆ ಶೆಲ್ಲು ಎಲ್ಲ ಸಾಲನ್ನೂ ಒಂದೇ ಗಂಟು ಅಂತ ತಗೊಳ್ಳುತ್ತೆ. ಅದು ಅವಳಿಗೆ ಗೊತ್ತು. ಹಾಕಿದ್ಲು. ತನ್ನ ಮೇಜಿನ ಮೇಲೆ ಪರೀಕ್ಷೆ ಮಾಡಿದ್ಲು. ಅಷ್ಟೂ ಸಾಲು ಚೆನ್ನಾಗಿ ಓದ್ತು. ವಾರ್ಡಿಗೆ ಕಳಿಸಿದ್ಲು. ಒಳಗಿಂದ ಸಿಸ್ಟರ್ ಫೋನು: "ಊಹೂಂ. ಬರೀ ಕರೀತಾ ಇದೆ."

ತಲೆ ಕೆಟ್ಟುಹೋಯ್ತು. ಇಲ್ಲಿ ಓದುತ್ತೆ, ಅಲ್ಲಿ ಓದಲ್ಲ! ಕೂದಲು ಕಿತ್ಕೊಂಡು ಕೂತಮೇಲೆ ಹೊಳೀತು. ವಾರ್ಡಿಗೆ ಹೋಗೋ ದಾರಿಯಲ್ಲಿ ಶೆಲ್ಲು ಒಂದಲ್ಲ, ಎರಡು. ಈ ಕಡೆ ಇರೋನು ಪೊಟ್ಟಣದ ಕಾಗದ, ಅಂದ್ರೆ ಆ ಚಿಹ್ನೆ, ಬಿಚ್ಚಿ, ಒಳಗಿರೋದನ್ನ ಬಿಡಿಬಿಡಿಯಾಗಿ ಆ ಕಡೆಯವನಿಗೆ ಕೊಡ್ತಾನೆ. ಅವನ ಕೈಗೆ ಹೋಗೋವಾಗ ಸುತ್ತಿದ್ದೇ ಇಲ್ಲ. ಮತ್ತೆ ಮೊದಲ ಸಾಲಿಗೇ ಎದ್ದು ಓಡ್ತಾನೆ.

ಸಾಲು ಮುರಿಯೋ ಜಾಗಕ್ಕೆ 'ಎನ್' ಅನ್ನೋ ಇಂಗ್ಲಿಷ್ ಅಕ್ಷರದ ಗುರುತು ಹಾಕಿ ಕಳಿಸಿದ್ಲು. ಪೆಟ್ಟಿಗೆ ಆ ಗುರುತನ್ನೂ ಗಟ್ಟಿಯಾಗಿ ಓದಿಬಿಡ್ತು. "ಮಗಳೇ ಎನ್ ಬೇಗ ಬಾ ಎನ್." ಅಂತ. ಸಿಸ್ಟರ್ ಫೋನಲ್ಲಿ, "ಎನ್ ಅಂದ್ರೆ ಯಾರು ಮೇಡಂ, ಅಳಿಯನಾ?" ಅಂದ್ರು. ಅಂಥ ಹೊತ್ತಲ್ಲೂ ಗುಬ್ಬಿಗೆ ನಗು ಬಂತಂತೆ. ಎಲ್ಲ ಸಾಲೂ ಸೇರಿಸಿ ಒಂದೇ ಸಾಲು ಮಾಡಿದ್ಲು. ಒಂದೇ ಉಸಿರಲ್ಲಿ ಗಡಗಡ ಓದಿ ಮುಗಿಸ್ತು, ಒಬ್ಬರಿಗೂ ಅರ್ಥ ಆಗ್ಲಿಲ್ಲ.

ಕೊನೆಗೆ ಬುದ್ಧಿ ಬಂತು. ಮಾತನ್ನ ಅಪ್ಪಣೆಯೊಳಗೆ ತುರುಕೋದೇ ತಪ್ಪು. ಅಪ್ಪಣೆ ಬೇರೆ, ಮಾತು ಬೇರೆ. ಶೆಲ್ಲಿಗೆ 'ಓದು' ಅಂತ ಒಂದೇ ಅಪ್ಪಣೆ ಕೊಟ್ಟು, ಮಾತನ್ನ ಬೇರೆ ಕೊಳವೆಯಲ್ಲಿ ಹರಿಸಿಬಿಡೋದು. ಅದನ್ನ ಶೆಲ್ಲು ಮುಟ್ಟೋ ಹಾಗೇ ಇಲ್ಲ. ಎಷ್ಟು ಸಾಲಾದ್ರೂ ಇರಲಿ, ಇದ್ದದ್ದು ಇದ್ದಹಾಗೆ ಹೋಗಿ ಪೆಟ್ಟಿಗೆ ಬಾಯಿಗೆ ಬೀಳುತ್ತೆ. ಬರೆದ್ಲು. ಕಳಿಸಿದ್ಲು.

ಫೋನಲ್ಲಿ ಸಿಸ್ಟರ್ ಮೂಗು ಏರಿಸಿದ್ದು ಕೇಳಿಸ್ತು. ಸೊರ್ರ್.

"ಎರಡನೇ ಹಾಸಿಗೆ ಅಜ್ಜಿಗೆ ಮೊಮ್ಮಗಳದ್ದು ಬಂತು ಮೇಡಂ... ಬೆಕ್ಕು ಮರಿ ಹಾಕಿದೆಯಂತೆ. ನಿನ್ನ ಸೀರೆ ಪೆಟ್ಟಿಗೆಯಲ್ಲೇ ಹಾಕಿದೆ, ಬೈಬೇಡ ಅಂತೆ. ಅಜ್ಜಿ ನಗ್ತಾ ಇದಾರೆ."

ಅವತ್ತು ಇಡೀ ವಾರ್ಡು ಮಾತಾಡ್ತು. ಗುಬ್ಬಿ ಎರಡು ದಿನದ ಮೇಲೆ ರೂಮಿಗೆ ಹೊರಟಳು. ಇನ್ನೇನು ಎಲ್ಲ ಸರಿಹೋಯ್ತಲ್ಲ ಅಂತ ಬಾವಿ ದಾರಿಯಲ್ಲೇ ಹೋದ್ಲು. ಬಿಟ್ಟುಹೋಗಿದ್ದ ಚಪ್ಪಲಿ ಅಲ್ಲೇ ಬಿದ್ದಿತ್ತು. ಬಗ್ಗಿ ತಗೊಳ್ಳಕ್ಕೆ ಹೋದ್ಲು.

"...ಆಮೇಲೆ?"

ಈ ಸಲ ಅವಳು ಓಡ್ಲಿಲ್ಲ. ಬಗ್ಗಿದವಳು ಹಂಗೇ ಕೂತುಬಿಟ್ಟಳು. ಹೌದಲ್ಲ... ಇರೋರಿಗೆಲ್ಲ ಮುಟ್ಟಿತು. ಹೋದೋನಿಗೆ? ಅವನ ಮಾತು ಎಲ್ಲಿದೆ? ಓದಿದ ಕೂಡ್ಲೇ ಅಳಿಸು ಅಂತ ಬರೆದೋಳೂ ಅವಳೇ, ದೂರನ್ನ ಎಸೆದುಬಿಡು ಅಂತ ಬರೆದೋಳೂ ಅವಳೇ. ಆ 'ಅಣ್ಣಾ' ಅನ್ನೋದರ ಕೆಳಗೆ ಏನಿತ್ತು ಅಂತ ಜಗತ್ತಿನಲ್ಲಿ ಒಬ್ಬನಿಗೇ ಗೊತ್ತು. ಬರೆದ ತಮ್ಮನಿಗೆ.

"ನಂಗೊತ್ತಿಲ್ಲ ಕಣಪ್ಪಾ," ಅಂದ್ಲಂತೆ ಬಾವಿ ಕಡೆ ನೋಡಿ. "ಕೇಳ್ಕೊಂಡು ಬರ್ತೀನಿ, ಇರು."

ತೊಟಕ್. ಅಷ್ಟೇ.

ದರ್ಜಿ ಅಂಗಡಿ ಹುಡುಕೋದು ಕಷ್ಟ ಆಗ್ಲಿಲ್ಲ. ಬಾಗಿಲು ಅರ್ಧ ಎಳೆದಿತ್ತು. ಒಳಗೆ ಹೊಲಿಗೆ ಮೆಷಿನ್ ಮೇಲೆ ಬಟ್ಟೆ ಮುಚ್ಚಿತ್ತು. ತಮ್ಮ ನೆಲದ ಮೇಲೆ ಕೂತು, ಜನ ಹೊಲಿಯಕ್ಕೆ ಕೊಟ್ಟಿದ್ದ ಬಟ್ಟೆಗಳನ್ನ ಅವರವರಿಗೆ ವಾಪಸ್ ಕೊಡಕ್ಕೆ ಬೇರೆಬೇರೆ ಮಾಡ್ತಿದ್ದ. ಲಾರಿ ಡ್ರೈವರು. ಭಾರೀ ಆಳು, ಹೆಗಲು ಬಾಗಿಲಗಲ. ಆಸ್ಪತ್ರೆಯ ಕಂಪ್ಯೂಟರಿನವಳು ಅಂದದ್ದೇ ತಡ, ಎದ್ದು ಕೈಮುಗಿದ.

"ನಿಮಗೆ ಪುಣ್ಯ ಬರಲಿ ಮೇಡಂ," ಅಂದ. "ನಾವಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ ಆಗಿತ್ತು. ಅಮ್ಮ ಸಾಯೋವಾಗ ನಾನು ಬರ್ಲಿಲ್ಲ, ಲಾರಿ ಮೇಲೆ ದೂರ ಹೋಗಿದ್ದೆ. ಅಣ್ಣನ ಫೋನು ಬಂದಿತ್ತು... ನಾನೇ ಎತ್ತಲಿಲ್ಲ. ಬೈತಾನೆ ಅಂತ. 'ನನ್ನ ಹೊಸಿಲು ತುಳೀಬೇಡ' ಅಂದುಬಿಟ್ಟ ಅಣ್ಣ. ಬಾಯಲ್ಲಿ ಹೇಳಕ್ಕೆ ಆಗದ್ದನ್ನೆಲ್ಲ ನಿಮ್ಮ ಆ ಯಂತ್ರಕ್ಕೆ ಬೆರಳಲ್ಲಿ ಹೇಳಿದೆ. ದಿನಾ ಹೇಳಿದೆ. ಅವನು ಎಲ್ಲಾ ಕೇಳ್ಕೊಂಡೇ ಹೋದ. ಅದೊಂದು ಸಮಾಧಾನ ಇದೆ ನೋಡಿ, ಅದರ ಮೇಲೇ ಬದುಕಿದೀನಿ."

ಗುಬ್ಬಿ ಏನಂತ ಹೇಳೋದು? ನಿಮ್ಮಣ್ಣ ಒಂದಕ್ಷರ ಕೇಳಿಲ್ಲ, ಬರೀ ಕರೆದದ್ದು ಕೇಳಿ ಕಾಯ್ತಾ ಕಾಯ್ತಾ ಹೋದ ಅಂತಾನಾ? ಸುಳ್ಳು ಹೇಳಿದ್ಲು. ಹುಟ್ಟಿದಾಗಿಂದ ಸುಳ್ಳು ಹೇಳಿ ಅಭ್ಯಾಸ ಇಲ್ಲದೋಳು, ನೆಲ ನೋಡ್ಕೊಂಡು ಹೇಳಿದ್ಲು.

"ಯಂತ್ರ ಸ್ವಲ್ಪ ಬದಲಾಯಿಸಿದೀವಿ. ಮೊದಲು ಬಳಸಿದೋರು ಒಂದ್ಸಲ ಬಂದು ಪರೀಕ್ಷೆ ಮಾಡಿಕೊಟ್ರೆ..."

"ಅದಕ್ಕೇನಂತೆ, ಬರ್ತೀನಿ," ಅಂದ.

ಜನ ಎಲ್ಲ ಹೋದ ಮೇಲೆ, ರಾತ್ರಿ, ಬಂದ. ಹಾಲಿನಲ್ಲಿ ಇಬ್ಬರೇ. ಟ್ಯೂಬ್‌ಲೈಟು ಜ್ಝ್ ಅಂತಿತ್ತು. ಗುಬ್ಬಿ ಫೋನು ಕಿವಿಗೆ ಇಟ್ಕೊಂಡಿದ್ಲು, ಆ ತುದಿಯಲ್ಲಿ ವಾರ್ಡಿನೊಳಗೆ ಸಿಸ್ಟರು. ತಮ್ಮ ಕುರ್ಚಿಯಲ್ಲಿ ಕೂತು ಕೇಳಿದ.

"ಯಾವ ಹಾಸಿಗೆ ಒತ್ತಲಿ?"

"ಆರು."

ಬೆರಳು ನಿಂತಿತು. "ಅಲ್ಲಿ ಈಗ ಯಾರಿದಾರೆ?"

"ಯಾರೂ ಇಲ್ಲ. ಖಾಲಿ."

"ಮತ್ತೆ ಏನಂತ ಬರೀಲಿ?"

"ನೀವು... ಆವತ್ತು ಬರೆದದ್ದೇ ಬರೀರಿ."

ಅವನು ತಿರುಗಿ ಅವಳ ಮುಖ ನೋಡಿದ. ಬಹಳ ಹೊತ್ತು ನೋಡಿದ. ತಿರುಗಿ ಟೈಪ್ ಮಾಡಕ್ಕೆ ಶುರು ಮಾಡಿದ. ಸ್ಟೀರಿಂಗ್ ಹಿಡಿಯೋ ಕೈ, ಒಂದೇ ಬೆರಳು. ಟಕ್... ಟಕ್... ಟಕ್. 'ಅಣ್ಣಾ' ಅಂತ ಬರೆದು ಎಂಟರ್ ಒತ್ತಿದ. ಅದು ಬೇರೆ ಸದ್ದು, ಸ್ವಲ್ಪ ದಪ್ಪ. ಠಕ್. ಗುಬ್ಬಿ ಮುಖ ಆ ಕಡೆ ತಿರುಗಿಸ್ಕೊಂಡು ನಿಂತ್ಲು. ಬೇರೆಯವರ ಮಾತು ಓದಬಾರದಲ್ಲ. ಆದ್ರೂ ಆ ಠಕ್ ಅನ್ನೋದು ಮಾತ್ರ ಕಿವಿಗೆ ಬೀಳ್ತಾನೇ ಇತ್ತು. ಸಾಲಿನ ಮೇಲೆ ಸಾಲು. ಬಹಳ ಸಾಲು.

"ಆಯ್ತು," ಅಂದ. ಅವಳು ಕಳಿಸೋ ಗುಂಡಿ ಒತ್ತಿದ್ಲು.

ಫೋನಲ್ಲಿ ದೂರದಿಂದ ಪೆಟ್ಟಿಗೆಯ ಹೆಣ್ಣು ದನಿ. 'ಅಣ್ಣಾ.' ಮಾಮೂಲು ಬಿಡುವು. ಗುಬ್ಬಿ ಉಸಿರು ಬಿಗಿಹಿಡಿದಳು. ದನಿ ಮುಂದುವರೀತು. ಪದ ಕೇಳಿಸ್ತಿರಲಿಲ್ಲ, ಸಾಲುಗಳು ಮಾತ್ರ. ಒಂದು, ಬಿಡುವು. ಇನ್ನೊಂದು, ಬಿಡುವು. ತಮ್ಮ ಎರಡೂ ಕೈ ತೊಡೆ ಮೇಲಿಟ್ಕೊಂಡು ಶಾಲೆ ಹುಡುಗನ ಹಾಗೆ ಕೂತಿದ್ದ. ಕೊನೆಗೆ ದನಿ ನಿಂತಿತು.

"ಸಿಸ್ಟರ್? ಪೂರ್ತಿ ಬಂತಾ?"

"ಬಂತು ಮೇಡಂ." ಸಿಸ್ಟರ್ ದನಿ ನಡುಗ್ತಿತ್ತು. "ಎಲ್ಲ ಬಂತು. ಅಮ್ಮ ಸಾಯೋವಾಗ ಫೋನು ಎತ್ತದೇ ಇದ್ದದ್ದು, ಕ್ಷಮಿಸು ಅಂದದ್ದು, ಎಲ್ಲ. ಅಳು ಬಂತು ಕಣ್ರೀ ನನಗೆ. ಆ ಕೊನೇ ಸಾಲು ಮಾತ್ರ ಗೊತ್ತಾಗ್ಲಿಲ್ಲ."

"ಯಾವ ಸಾಲು?"

"'ಆಯ್ತು ಬಿಡೋ ಕಡ್ಡಿ. ಮನೆಗೆ ಹೋಗು.' ಅಂತು. ಕಡ್ಡಿ ಅಂದ್ರೆ ಯಾರು?"

ಗುಬ್ಬಿ ಫೋನು ಕಿವಿಯಿಂದ ಇಳಿಸಿದ್ಲು. ಆ ಭಾರೀ ಆಳನ್ನ ನೋಡಿದ್ಲು.

"ನೀವು ಕಡೇಲಿ... ಕಡ್ಡಿ ಅಂತ ಏನಾದ್ರೂ ಬರೆದ್ರಾ?"

ಅವನು ಎದ್ದು ನಿಂತುಬಿಟ್ಟ. ಕುರ್ಚಿ ಹಿಂದಕ್ಕೆ ಬಿತ್ತು. ಧಡ್.

"ಆ ಹೆಸರು ನಿಮಗೆ ಯಾರು ಹೇಳಿದ್ರು?"

ಅವಳು ಕೈಯಲ್ಲಿದ್ದ ಫೋನು ತೋರಿಸಿದ್ಲು.

"ಚಿಕ್ಕೋನಿದ್ದಾಗ ಬಡಕಲಾಗಿದ್ದೆ," ಅಂದ ಅವನು, ಮೆಲ್ಲಗೆ. "ಅಣ್ಣ ಒಬ್ಬನೇ ಹಂಗೆ ಕರೀತಿದ್ದ. ಅಮ್ಮನೂ ಕರೀತಿರಲಿಲ್ಲ. ನಾನು ಅದನ್ನ ಬರೆದಿಲ್ಲ ಮೇಡಂ. ಬರೆಯೋಕೆ ನನಗೆ ಮುಖ ಎಲ್ಲಿತ್ತು?"

ಟ್ಯೂಬ್‌ಲೈಟು ಜ್ಝ್ ಅಂತಿತ್ತು. ಅವನು ಬಿದ್ದ ಕುರ್ಚಿ ಎತ್ತಿ ನೆಟ್ಟಗೆ ಇಟ್ಟ. ಅದರ ಬೆನ್ನು ಹಿಡ್ಕೊಂಡೇ ಕೇಳಿದ.

"ಆವತ್ತು ಅವನಿಗೆ ಇದು ಮುಟ್ಟಿರಲಿಲ್ಲ. ಅಲ್ವಾ?"

ಇನ್ನು ಸುಳ್ಳು ಹೇಳಕ್ಕೆ ಗುಬ್ಬಿಗೆ ಆಗ್ಲಿಲ್ಲ. "ಇಲ್ಲ," ಅಂದ್ಲು. "ನನ್ನ ತಪ್ಪಿಂದ."

"ಇವತ್ತು?"

"ಇವತ್ತು ಮುಟ್ಟಿತು."

ಅವನು ತಲೆ ಆಡಿಸಿದ. ಬೈತಾನೆ, ಕೂಗಾಡ್ತಾನೆ ಅಂತ ಅವಳು ಕಾದ್ಲು. ಅವನು ಅಂಗಿ ತೋಳಲ್ಲಿ ಕಣ್ಣೊರೆಸ್ಕೊಂಡ. "ಮನೆಗೆ ಹೋಗು ಅಂದನಲ್ಲ, ಹೋಗ್ತೀನಿ," ಅಂದ. ಹೋದ.

ಆ ಪೆಟ್ಟಿಗೆಗೆ ಮೈಕು ಇಲ್ಲ. ಅದು ಕೇಳಿಸ್ಕೊಳ್ಳಲ್ಲ, ಬರೀ ಓದುತ್ತೆ. ಕೊಟ್ಟದ್ದನ್ನ ಬಿಟ್ಟು ಒಂದಕ್ಷರ ಹೆಚ್ಚಿಗೆ ಓದೋ ಹಾಗಿಲ್ಲ. ಗುಬ್ಬಿ ಪ್ರೋಗ್ರಾಮನ್ನ ತಲೆಯಿಂದ ಬುಡದವರೆಗೆ ಜಾಲಾಡಿದ್ಲು, ಏನೂ ಸಿಗಲಿಲ್ಲ. ಸಿಸ್ಟರ್ ಗಾಬರಿಯಲ್ಲಿ ಏನೋ ಕೇಳಿಸ್ಕೊಂಡಿರಬೇಕು ಅಂತ ನೀವು ಹೇಳ್ತೀರಾ, ಗೊತ್ತು. ನಾನೂ ಹಂಗೇ ಹೇಳಿದ್ದೆ. ಹೇಳಿ ಗುಬ್ಬಿ ಕೈಲಿ ಬೈಸಿಕೊಂಡೆ. ಈಗ ಎರಡು ದಿನಕ್ಕೊಂದ್ಸಲ ಅವಳಿಗೆ ಫೋನು ಮಾಡ್ತೀನಿ, ಇದನ್ನ ಮತ್ತೆ ಮತ್ತೆ ಕೇಳಿದೀನಿ. ಒಂದು ಸಲವೂ ಒಂದು ಪದ ಆಚೀಚೆ ಆಗಿಲ್ಲ. ನಡೆದದ್ದು ಹೀಗೇ. ನಿಜ. ನನ್ನ ಮೇಲಾಣೆ.

ಮಾರನೇ ಬೆಳಗ್ಗೆ ಸಿಸ್ಟರ್ ಪಾಳಿ ಮುಗಿಸಿ ಹೊರಡೋವಾಗ, ಎರಡನೇ ಹಾಸಿಗೆ ಅಜ್ಜಿ ಸನ್ನೆ ಮಾಡಿ ಹತ್ರ ಕರೆದ್ರಂತೆ. ಆ ಅಜ್ಜಿಗೆ ಯಾರೂ ಏನೂ ಹೇಳಿರಲಿಲ್ಲ. ಮಾಸ್ಕು ಒಂಚೂರು ಸರಿಸಿ ಕೇಳಿದ್ರಂತೆ.

"ರಾತ್ರಿ ಆ ಕಡ್ಡಿ ಅನ್ನೋ ಹುಡುಗ ಮನೆ ಸೇರಿದ್ನೇನಮ್ಮಾ?"